ಮರದ ಆಚೆಗಿನ ಮಗಳು

ಗುಂಡಿಯಕ್ಕನ ನಿಜವಾದ ಹೆಸರು ಹೇಳಿದರೆ ನಮ್ಮ ಮನೆಗಳ ಸಾಲಿನ ಅರ್ಧ ಜನ ‘ಅದ್ಯಾರಪ್ಪಾ?’ ಎಂದು ಕೇಳುತ್ತಾರೆ. ರೈಲು ಹಳಿಯ ಪಕ್ಕದ ಶರ್ಟು ಕಾರ್ಖಾನೆಗೆ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದವಳು, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆ ಕೆಲಸವನ್ನೇ ಗಂಟು ಕಟ್ಟಿಕೊಂಡು ಮನೆಗೆ ತಂದಳು. ಪೇಟೆಯ ಅಂಗಡಿಯವರು ಹೊಲಿದ ಶರ್ಟುಗಳ ಮೂಟೆ ಕೊಡುತ್ತಾರೆ. ಇವಳು ಕಾಜಾ ಮಾಡಿ, ಗುಂಡಿ ಹಚ್ಚಿ, ಮಡಚಿ ವಾಪಸು ಕಳಿಸುತ್ತಾಳೆ. ಹಲ್ಲಿನಿಂದ ದಾರ ಕಡಿದು ಕಡಿದು ಮುಂದಿನ ಹಲ್ಲಿಗೆ ಒಂದು ಕಚ್ಚು ಬಿದ್ದಿದೆ. ನಕ್ಕರೆ ಮೊದಲು ಕಾಣುವುದು ಅದೇ. ಈಗ ನಗುವುದು ಕಡಿಮೆ.

ನಾನು ಅವಳ ಪಕ್ಕದ ಮನೆಯವಳು. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ, ಅದೂ ಅರ್ಧ ಇಟ್ಟಿಗೆಯದು. ಅವಳ ಕತ್ತರಿ ಕೆಳಗೆ ಬಿದ್ದರೆ ನನಗೆ ಸದ್ದು, ನನ್ನ ಗಂಡ ಗೊರಕೆ ಹೊಡೆದರೆ ಅವಳಿಗೆ ಶಿಕ್ಷೆ. ಆದರೆ ಆ ಮನೆಯಿಂದ ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ತಾಯಿ ಮಗಳು ಇಡೀ ದಿನ ಮಾತಾಡುತ್ತಿದ್ದರು, ಜಗಳವಾಡುತ್ತಿದ್ದರು, ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಎಲ್ಲವೂ ಕೈಯಲ್ಲಿ.

ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಗುಬ್ಬಿ ಎಂದು ಕರೆಯುತ್ತೇವೆ. ಹಾಗೆ ಕರೆಯುವುದು ಅವಳಿಗೆ ಕೇಳಿಸದು, ಆದರೂ ಕರೆಯುತ್ತೇವೆ. ಅಪ್ಪ ಅನ್ನಿಸಿಕೊಂಡವನು ಮಗುವಿನ ವಿಷಯ ಗೊತ್ತಾದ ವರ್ಷವೇ ರೈಲು ಹತ್ತಿದ, ಇಳಿದು ಬರಲಿಲ್ಲ. ಅವನಿಗೆ ಕಿವಿ ಕೇಳುತ್ತಿತ್ತು, ಯಾರು ಹೇಳಿದ ಬುದ್ಧಿಯೂ ಕೇಳುತ್ತಿರಲಿಲ್ಲ. ಕಿವಿ ಕೇಳದ ಮಕ್ಕಳ ಶಾಲೆ ಎಲ್ಲೋ ದೂರದ ಪಟ್ಟಣದಲ್ಲಿ. ಮಗಳನ್ನು ಅಲ್ಲಿ ಬಿಟ್ಟಿರಲು ಇವಳಿಗೆ ಮನಸ್ಸಾಗಲಿಲ್ಲ. ಹಾಗಾಗಿ ಇಬ್ಬರೂ ಕೂತು ತಮ್ಮದೇ ಒಂದು ಕೈಮಾತು ಕಟ್ಟಿಕೊಂಡರು. ಸೂಜಿಯನ್ನು ಚಿಟಿಕೆಯಲ್ಲಿ ಹಿಡಿದು ಮೇಲಕ್ಕೆ ಎಳೆದ ಹಾಗೆ ಮಾಡಿದರೆ ಅಮ್ಮ. ಮಣಿಕಟ್ಟಿಗೆ ಪಟ್ಟಿ ಸುತ್ತಿದ ಹಾಗೆ ಮಾಡಿದರೆ ನಾನು. ಎರಡೂ ಕೈ ಕೊಡವಿಕೊಂಡರೆ ಅಪ್ಪ. ‘ಮುಗೀತು, ಸಾಕು’ ಅನ್ನಲಿಕ್ಕೆ ಕೈಯೇ ಬೇಡ. ಗುಂಡಿ ಹಚ್ಚಿ ಮುಗಿದಾಗ ಗುಂಡಿಯಕ್ಕ ತಲೆ ವಾರೆ ಮಾಡಿ ಹಲ್ಲಿನಿಂದ ದಾರ ಕಡಿಯುತ್ತಾಳಲ್ಲ, ಹಾಗೆ ದಾರವಿಲ್ಲದೆ ಕಡಿದರಾಯಿತು. ಸ್ನಾನ ಸಾಕು, ಊಟ ಸಾಕು, ನಿನ್ನ ಬೈಗುಳ ಸಾಕು, ಎಲ್ಲಕ್ಕೂ ಅದೇ. ಈ ಭಾಷೆ ಬಲ್ಲವರು ಲೋಕದಲ್ಲಿ ಇಬ್ಬರೇ. ನನಗೆ ಗೋಡೆಯಾಚೆಯ ಅರೆಬರೆ ಗೊತ್ತಿತ್ತು.

ಅವರ ಹಿತ್ತಲಲ್ಲಿ ಒಂದು ಮರವಿತ್ತು. ಕಾರ್ಖಾನೆಯವರು ಯಾವ ಕಾಲದಲ್ಲೋ ನೆಟ್ಟದ್ದು. ಹೆಸರು ಯಾರಿಗೂ ಗೊತ್ತಿಲ್ಲ, ಎಲೆ ಮಾತ್ರ ಅಂಗೈಯಗಲ. ಗುಬ್ಬಿ ಚಿಕ್ಕವಳಿದ್ದಾಗ ಆ ಮರದ ಬೊಡ್ಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ನಮಗೆಲ್ಲ ಕೇಳಿಸುವ ಮೊದಲೇ ಓಡಿಬಂದು ರೈಲು ಬಂತು ಎಂದು ತೋರಿಸುತ್ತಿದ್ದಳು. ಹಳಿಯ ನಡುಕ ಬೇರಿನಿಂದ ಬೊಡ್ಡೆಗೆ ಬರುತ್ತಿತ್ತೋ ಏನೋ. ‘ನನ್ ಮಗಳ ಕಿವಿ ಹಿತ್ತಲಲ್ಲಿದೆ’ ಎಂದು ಗುಂಡಿಯಕ್ಕ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಳು.

ಮದುವೆಯ ವಯಸ್ಸಿಗೆ ಒಂದು ಬೇಕರಿ ಮನೆಯ ಸಂಬಂಧ ಬಂತು. ಊರು ಬಲು ದೂರ, ಎರಡು ಬಸ್ಸು ಬದಲಿಸಬೇಕು. ಹುಡುಗ ಒಲೆಯ ಮುಂದೆ ನಿಲ್ಲುವವನು, ಕುಡಿತವಿಲ್ಲ, ತಾಯಿ ಹಾಕಿದ ಗೆರೆ ದಾಟುವುದಿಲ್ಲ. ಆ ಕೊನೆಯ ಗುಣವನ್ನು ನಾವು ಗುಣವೆಂದೇ ಎಣಿಸಿದೆವು. ಬೀಗಿತಿ ದುಂಡು ಕೆನ್ನೆಯ ಹೆಂಗಸು. ‘ಎದುರು ಮಾತಾಡದ ಸೊಸೆ ಬೇಕು ಅಂತ ಊರೆಲ್ಲ ಹುಡುಕಿದ್ವಿ, ಕೊನೆಗೂ ಸಿಕ್ಕಿಬಿಟ್ಟಳು ನೋಡಿ’ ಎಂದು ನಕ್ಕಳು. ತಮಾಷೆಯೆಂದು ಎಲ್ಲರೂ ನಕ್ಕೆವು.

ಮಗಳು ಹೋದ ಮೇಲೆ ಗುಂಡಿಯಕ್ಕನಿಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಒಂದೇ ಕೋಣೆಯಲ್ಲಿದ್ದವರಿಗೆ ಅದು ಮೊದಲೇ ಹೊಳೆಯಲು ಕಾರಣವೇ ಇರಲಿಲ್ಲ. ಫೋನು ಮಾಡಿದರೆ ಮಗಳಿಗೆ ಕೇಳಿಸದು. ಬರೆದು ಕಳಿಸೋಣವೆಂದರೆ ತಾಯಿಗೆ ಶರ್ಟಿನ ಅಳತೆಯ ಅಂಕಿ ಬಿಟ್ಟು ಓದು ಬಾರದು, ಮಗಳಿಗೆ ತನ್ನ ಹೆಸರು ಬಿಟ್ಟು ಬರಹ ಬಾರದು. ಫೋನಿನಲ್ಲಿ ಬೀಗಿತಿ ಸಿಗುತ್ತಿದ್ದಳು. ‘ಚೆನ್ನಾಗಿದ್ದಾಳೆ, ನಿಮ್ಮ ಮನೆಗಿಂತ ಚೆನ್ನಾಗಿದ್ದಾಳೆ’ ಅನ್ನುತ್ತಿದ್ದಳು. ಅದನ್ನೇ ಮಗಳ ಬಾಯಿಂದ, ಅಂದರೆ ಕೈಯಿಂದ, ಕೇಳುವುದು ಹೇಗೆ? ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರೆ. ಬಾಯಿ ಇಲ್ಲದವರ ಬಗ್ಗೆ ಆ ಗಾದೆ ಮಾಡಿದವರು ಯೋಚಿಸಿದ ಹಾಗಿಲ್ಲ.

ಒಮ್ಮೆ ಹೋಗಿಬಂದಳು. ಉಪಚಾರವೆಲ್ಲ ಆಯಿತು. ಹೊರಡುವಾಗ ಬೀಗಿತಿ ಬಾಗಿಲ ತನಕ ಬಂದು, ‘ಹೇಳದೆ ಕೇಳದೆ ಹೀಗೆ ಪದೇ ಪದೇ ಬಂದ್ರೆ ನಾಕು ಜನ ಏನಂತಾರೆ, ನಾವೇನೋ ಅವಳನ್ನ ಹಿಂಸೆ ಮಾಡ್ತೀವಿ ಅನ್ಕೊಳ್ಳಲ್ವಾ?’ ಎಂದಳಂತೆ. ಹೋದದ್ದೇ ಮೊದಲ ಸಲ, ಅದು ಪದೇ ಪದೇ ಹೇಗಾಯಿತು ಎಂದು ಕೇಳುವ ಜಾಯಮಾನ ಗುಂಡಿಯಕ್ಕನದಲ್ಲ. ನಾನಾಗಿದ್ದರೆ ಕೇಳುತ್ತಿದ್ದೆ.

ಉಳಿದದ್ದು ಮುಖ ಕಾಣುವ ಫೋನು. ಅದಕ್ಕೆ ಇಂಟರ್ನೆಟ್ಟು ಬೇಕು. ನಮ್ಮ ಸಾಲಿಗೆ ಅದು ಬರುವ ದಾರಿಯೆಲ್ಲ ಮುಚ್ಚಿತ್ತು. ಕಾರ್ಖಾನೆ ಮುಚ್ಚಿದ ಮರುವರ್ಷ ಟೆಲಿಫೋನಿನ ತಂತಿಯನ್ನು ಕಳ್ಳರು ಸುತ್ತಿಕೊಂಡು ಹೋಗಿದ್ದರು. ಕಂಬಗಳು ಕಾಗೆ ಕೂರಲಿಕ್ಕೆ ಉಳಿದವು. ಕೇಬಲ್ಲಿನವನು ಹಳಿಯ ಆಚೆ ನಿಂತೇ ಕೈ ಆಡಿಸಿದ. ‘ಹಳಿ ದಾಟಿಸಿ ಕೇಬಲ್ ಎಳೀಬೇಕಂದ್ರೆ ರೈಲ್ವೆಯವರ ಪರ್ಮಿಷನ್ ಬೇಕಮ್ಮ. ಇಷ್ಟು ಮನೆಗೆ ಅವರ ಕಾಲು ಯಾರು ಹಿಡೀತಾರೆ?’ ಎಂದ. ಇನ್ನು ಮೊಬೈಲು. ನಮಗೂ ಟವರಿಗೂ ನಡುವೆ ಧಾನ್ಯದ ಗೋದಾಮು ಗೋಡೆ ಹಾಗೆ ನಿಂತಿದೆ. ಮಾತು ಹೇಗೋ ನುಸುಳಿ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಮೇಲ್ಸೇತುವೆಯ ಮೇಲೆ ಹೋದರೆ ಸಿಗುತ್ತೆ ಎಂದು ಯಾರೋ ಹೇಳಿದರು. ಗುಂಡಿಯಕ್ಕ ಅಲ್ಲಿಗೂ ಹೋದಳು. ಒಂದು ಕೈಯಲ್ಲಿ ಫೋನು ಹಿಡಿದರೆ ಉಳಿಯುವುದು ಒಂದೇ ಕೈ, ಅದರಲ್ಲಿ ಅರ್ಧ ಮಾತು. ಸಾಲದ್ದಕ್ಕೆ ದಾರಿಹೋಕರು ನಿಂತು ಇವಳಿಗೆ ಏನೋ ಮೆಟ್ಟಿಕೊಂಡಿದೆ ಎಂದು ನೋಡುತ್ತಿದ್ದರು.

ಆಗ ಬಂದವನು ಡಿಶ್ಶಿನವನು. ನಡುವಯಸ್ಸಿನ ಮನುಷ್ಯ. ಕೆಲಸ ಸೂರು ಹತ್ತುವುದು, ಹೊಟ್ಟೆ ಮಾತ್ರ ಸದಾ ನೆಲದ ಕಡೆಗೇ ಎಳೆಯುತ್ತಿತ್ತು. ಗೋದಾಮಿನ ತೂಕದ ಆಫೀಸಿಗಾಗಿ ಅವನು ಅದರ ಮಾಳಿಗೆಯ ಮೇಲೆ ಒಂದು ದೊಡ್ಡ ಡಿಶ್ಶು ಕೂರಿಸಿದ್ದ. ಅದರ ಪಕ್ಕದಲ್ಲಿ ನಮ್ಮ ಕಡೆ ಮುಖ ಮಾಡಿ ಇನ್ನೊಂದು ಇಟ್ಟು, ಗುಂಡಿಯಕ್ಕನ ಸೂರಿನ ಮೇಲೆ ಅದಕ್ಕೆ ಎದುರಾಗಿ ತಟ್ಟೆಯಗಲದ್ದು ಒಂದನ್ನು ಇಟ್ಟರೆ ಸಾಕು, ತಂತಿಯಿಲ್ಲದೆ ಇಂಟರ್ನೆಟ್ಟು ಗಾಳಿಯಲ್ಲೇ ಹಳಿ ದಾಟುತ್ತೆ ಎಂದ. ‘ಗಾಳಿಗೆ ಪರ್ಮಿಷನ್ ಬೇಡ್ವಾ?’ ಎಂದು ನಾನು ಕೆಣಕಿದೆ. ‘ಕೇಳೋರಿಗೆ ಕಣ್ಣಿಗೆ ಕಾಣ್ಬೇಕಲ್ಲ ಅಕ್ಕ’ ಎಂದು ಕಣ್ಣು ಮಿಟುಕಿಸಿದ.

ಅವನ ಕಸುಬಿಗೆ ಒಂದೇ ನಿಯಮ. ಸೂರಿನ ಮೇಲೆ ಹತ್ತಿ ಒಂದು ಕಣ್ಣು ಮುಚ್ಚಿ ನೋಡುವುದು. ‘ನನ್ ಕಣ್ಣಿಗೆ ಅದು ಕಂಡ್ರೆ, ಅದರ ಕಣ್ಣಿಗೆ ನಾನು ಕಾಣ್ತೀನಿ. ಅಷ್ಟೇ ವಿದ್ಯೆ.’ ಅವನು ನೋಡಿದಾಗ ಕಂಡಿತು. ಅದು ಎಲೆಯುದುರಿದ ಕಾಲ. ಹಿತ್ತಲ ಮರ ಬೋಳಾಗಿ, ಬರೀ ಕಡ್ಡಿ ಕಡ್ಡಿಯಾಗಿ ನಿಂತಿತ್ತು. ಕೊಂಬೆಗಳ ಸಂದಿಯಿಂದ ಗೋದಾಮಿನ ಡಿಶ್ಶು ನಿಚ್ಚಳವಾಗಿ ಕಾಣುತ್ತಿತ್ತು. ಡಿಶ್ಶು ಕೂತಿತು. ಒಳಗೆ ಪುಟ್ಟ ಪೆಟ್ಟಿಗೆಯೊಂದು ಹಸಿರು ದೀಪ ಮಿಟುಕಿಸಿತು. ಈ ಮರಕ್ಕೆ ಎಲೆ ಬರುತ್ತದೆ ಅನ್ನುವುದು ಅವನಿಗೂ ಹೊಳೆಯಲಿಲ್ಲ, ಅದರ ಕೆಳಗೆ ಅರ್ಧ ಆಯಸ್ಸು ಕಸ ಗುಡಿಸಿದ ನಮಗೂ ಹೊಳೆಯಲಿಲ್ಲ. ಹಾಳು ಬುದ್ಧಿ, ಬೇಕಾದಾಗ ಬರುವುದಿಲ್ಲ.

ಮೊದಲ ಸಂಜೆ ನನಗಿನ್ನೂ ನೆನಪಿದೆ. ಫೋನನ್ನು ಗುಂಡಿ ಡಬ್ಬಿಗೆ ಒರಗಿಸಿ, ಬೆಳಕಿಗೆ ಎದುರಾಗಿ ಕೂತಳು. ಪರದೆಯಲ್ಲಿ ಗುಬ್ಬಿ ಬಂದಳು, ಮೊಣಕೈ ತನಕ ಹಿಟ್ಟು. ಆಮೇಲೆ ಶುರುವಾಯಿತು ನೋಡಿ, ಅಣೆಕಟ್ಟು ಒಡೆದ ಹಾಗೆ. ಗುಬ್ಬಿ ಕೆನ್ನೆ ಉಬ್ಬಿಸಿ ಅತ್ತೆಯನ್ನು ತೋರಿಸಿದಳು, ಆ ಕೆನ್ನೆಯನ್ನೇ ಬೆರಳಿಂದ ಚುಚ್ಚಿ ಗಾಳಿ ಬಿಟ್ಟಳು. ಗುಂಡಿಯಕ್ಕ ಹೊಟ್ಟೆ ಹಿಡಿದುಕೊಂಡು ಉರುಳಿದಳು. ಆ ಮನೆಯಿಂದ ನಗು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚುಮರೆ ಮಾಡುವುದೇಕೆ.

ಬೇಕರಿಯಲ್ಲಿ ಒಂದು ಒಬ್ಬೆ ಬ್ರೆಡ್ಡು ಒಲೆಗೆ ಹೋದ ಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ದಿನಾ ಬರುತ್ತಿದ್ದಳು. ಗುಂಡಿಯಕ್ಕ ಅದಕ್ಕೆ ಸರಿಯಾಗಿ ಸೂಜಿ ಕೆಳಗಿಟ್ಟು, ತಲೆ ಬಾಚಿಕೊಂಡು ಕಾಯುತ್ತಿದ್ದಳು. ನನ್ನನ್ನೂ ಕೂಗುತ್ತಿದ್ದಳು. ನಾನು ಹೋದರೆ ಗುಬ್ಬಿ ಮಣಿಕಟ್ಟಿಗೆ ಪಟ್ಟಿ ಸುತ್ತಿ ಕುಶಲ ಕೇಳುತ್ತಿದ್ದಳು.

ಕೆಲವು ವಾರಗಳಲ್ಲಿ ಗುಬ್ಬಿಯ ಕೈ ಸಣ್ಣದಾಯಿತು. ಅಂದರೆ, ಮೊದಲು ಎದೆಯ ಮುಂದೆ ಅಗಲವಾಗಿ ಆಡುತ್ತಿದ್ದ ಕೈ ಈಗ ಹೊಟ್ಟೆಯ ಹತ್ತಿರ, ಬೆರಳ ತುದಿಯಲ್ಲೇ ಆಡುತ್ತಿತ್ತು. ‘ಯಾಕಕ್ಕ, ಹಾಗ್ಮಾಡ್ತಾಳೆ?’ ಎಂದೆ. ಗುಂಡಿಯಕ್ಕ ಪರದೆಯಿಂದ ಕಣ್ಣು ತೆಗೆಯದೆ, ‘ಪಿಸುಗುಟ್ತಿದ್ದಾಳೆ’ ಎಂದಳು. ಕಿವಿ ಕೇಳದವಳು ಪಿಸುಗುಟ್ಟುವುದನ್ನು ನಾನು ಅವತ್ತೇ ಕಂಡದ್ದು. ಯಾರಿಗೋ ಹೆದರಿ ಮಾತಾಡುತ್ತಿದ್ದಳು. ತನ್ನ ಮಾತು ಯಾರಿಗೂ ತಿಳಿಯದು ಎಂದು ಗೊತ್ತಿದ್ದೂ ಹೆದರುತ್ತಿದ್ದಳು.

ಅದೇ ವಾರ ಮರ ಚಿಗುರಿತು. ನೋಡನೋಡುತ್ತ ಕೆಂಪು ಚಿಗುರು ಹಸಿರಾಗಿ, ಹಸಿರು ಅಂಗೈಯಗಲವಾಯಿತು. ಇತ್ತ ಪರದೆಯ ಮೇಲೆ ಗುಬ್ಬಿ ತುಂಡು ತುಂಡಾಗತೊಡಗಿದಳು. ಕೈ ಎತ್ತಿದ್ದು ಕಾಣುತ್ತಿತ್ತು, ಇಳಿಸಿದ್ದು ಕಾಣುತ್ತಿರಲಿಲ್ಲ. ನಡುವೆ ಆಡಿದ ಮಾತು ಗಾಳಿಪಾಲು. ಡಿಶ್ಶಿನವನು ಬಂದು ಸೂರು ಹತ್ತಿದ, ಒಂದು ಕಣ್ಣು ಮುಚ್ಚಿದ, ಮರ ನೋಡಿದ, ಹಣೆ ಬಡಿದುಕೊಂಡ. ‘ಎಲೇಲಿ ನೀರಿರುತ್ತಲ್ಲ ಅಕ್ಕ, ಅದು ಸಿಗ್ನಲ್ನ ಕುಡಿದುಬಿಡುತ್ತೆ. ನಾನು ಬೋಳು ಮರ ನೋಡ್ಕೊಂಡು ಇಟ್ಟೆ. ತಪ್ಪಾಯ್ತು.’

ಪಾಪ, ಅವನೂ ತನ್ನಿಂದಾದದ್ದು ಮಾಡಿದ. ಎತ್ತರದ ಕೊಳವೆಗೆ ಡಿಶ್ಶು ಕಟ್ಟಿದ. ತಗಡಿನ ಸೂರು ಅದನ್ನು ತಡೆಯದೆ ಗಾಳಿಗೆ ಕೊಳವೆ ಬಾಗಿತು. ನನ್ನ ಸೂರಿಗೆ ತಂದ, ಅಲ್ಲಿಗೂ ಅದೇ ಮರ ಅಡ್ಡ. ಸಾಲಿನ ಆ ತುದಿಗೆ ಹೋದರೆ ಗೋದಾಮಿನ ಮೂಲೆಯೇ ಅಡ್ಡ. ಕೊನೆಗೆ ಅಡ್ಡ ಬಂದ ಕೊಂಬೆಗಳನ್ನಷ್ಟೇ ಕಡಿದು ಕಿಟಕಿ ಹಾಗೆ ಒಂದು ಸಂದು ಬಿಡಿಸಿದ. ಒಂದಿಷ್ಟು ದಿನ ಚಿತ್ರ ಬಂತು. ಆಮೇಲೆ ಕಡಿದ ಕಡೆಯಿಂದಲೇ ಒಂದಕ್ಕೆ ನಾಲ್ಕು ಚಿಗುರೊಡೆದು ಸಂದು ಮುಚ್ಚಿಕೊಂಡಿತು. ‘ಬುಡಕ್ಕೇ ಹಾಕ್ಬೇಕು, ಬೇರೆ ದಾರಿ ಇಲ್ಲ’ ಎಂದು ಹೇಳಿ ಹೋದ.

ಗುಂಡಿಯಕ್ಕ ಮರದ ಕೆಳಗೆ ಹೋಗಿ ನಿಂತಳು. ಬೊಡ್ಡೆಯ ಮೇಲೆ ಒಂದು ಕಡೆ ತೊಗಟೆ ಸವೆದು ನುಣುಪಾಗಿತ್ತು. ಮಗಳ ಕೈ ಊರುತ್ತಿದ್ದ ಜಾಗ ಅದು. ‘ಅವಳ ಕಿವಿ ಕಣೇ ಇದು. ಹೇಗೆ ಕಡಿಸ್ಲಿ? ಎಲೆ ಉದುರೋ ತನಕ ತಡ್ಕೋತೀನಿ’ ಎಂದಳು. ನನಗೂ ಅದೇ ಸರಿ ಅನ್ನಿಸಿತು.

ಆದರೆ ಆ ಮನೆಯಲ್ಲಿ ಏನೋ ನಡೆಯುತ್ತಿತ್ತು. ಮೊದಲು ಗುಬ್ಬಿಯ ಫೋನು ಹಿಟ್ಟಿನ ತೊಟ್ಟಿಗೆ ಬಿತ್ತಂತೆ. ಆಮೇಲೆ ಅತ್ತೆಯ ಫೋನಿನಲ್ಲೇ ಮಾತು, ಅದೂ ಅತ್ತೆಗೆ ಮನಸ್ಸು ಬಂದಾಗ. ಮುರುಕು ಚಿತ್ರದಲ್ಲಿ ಗುಬ್ಬಿ ಬಿಸಿಲ ದಿನದಲ್ಲೂ ಉದ್ದ ತೋಳಿನ ಅಂಗಿ ತೊಟ್ಟಿರುವುದು ಕಾಣುತ್ತಿತ್ತು. ‘ಒಲೆ ಮುಂದೆ ಯಾರಾದ್ರೂ ತೋಳು ಇಳಿಸ್ತಾರಾ?’ ಎಂದಳು ಗುಂಡಿಯಕ್ಕ. ಬಟ್ಟೆಯ ವಿಷಯದಲ್ಲಿ ಅವಳ ಕಣ್ಣು ತಪ್ಪುವುದಿಲ್ಲ. ಎದ್ದು ಹೋಗಿ ಕರೆತರೋಣವೆಂದರೆ, ತನ್ನದೇ ತಪ್ಪು ಎಣಿಕೆಯಾಗಿದ್ದರೆ? ತಾನು ಜಗಳ ಮಾಡಿ ಬರಿಗೈಯಲ್ಲಿ ಬಂದ ಮೇಲೆ ಅದರ ಫಲ ಉಣ್ಣುವವಳು ಮಗಳು. ‘ಬಂದು ಕರ್ಕೊಂಡು ಹೋಗ್ಲಾ ಅಂತ ಒಂದೇ ಒಂದ್ಸಲ ಅವಳನ್ನ ಕೇಳ್ಬೇಕು. ಅವಳು ಹೂಂ ಅಂದ್ರೆ ಯಮ ಅಡ್ಡ ಬಂದ್ರೂ ಬಿಡಲ್ಲ’ ಎಂದಳು. ಅವಳಿಗೆ ಬೇಕಾದದ್ದು ಅಷ್ಟೇ, ಒಂದು ಪ್ರಶ್ನೆ, ಒಂದು ಉತ್ತರ. ಕರೆ ಯಾವ ಹೊತ್ತಿಗೆ ಬರುತ್ತದೋ ತಿಳಿಯದೆ ಮೇಲ್ಸೇತುವೆಯ ಮೇಲೆ ಕಾದು ನಿಲ್ಲುವುದಾಗದು, ಮನೆಯಲ್ಲಿ ಅಷ್ಟಕ್ಕೂ ಎಲೆ ಅಡ್ಡ.

ಒಂದು ಸಂಜೆ ಕರೆಯ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡಿತು. ತೆಗೆದರೆ ಗುಬ್ಬಿ. ಅತ್ತೆಯ ಫೋನನ್ನು ಕದ್ದು ತಂದಿದ್ದಳೆಂದು ಮುಖವೇ ಹೇಳುತ್ತಿತ್ತು. ಕೈ ಎತ್ತಿದಳು, ಸೂಜಿ ಎಳೆದಳು, ಅಮ್ಮಾ. ಇನ್ನೊಂದು ಕೈ ಗಲ್ಲದ ಹತ್ತಿರ ಬಂತು. ಅಷ್ಟಕ್ಕೆ ಚಿತ್ರ ನಿಂತಿತು. ಕೈ ಗಲ್ಲದ ಹತ್ತಿರವೇ ಉಳಿಯಿತು. ಗುಂಡಿಯಕ್ಕ ಫೋನು ಹಿಡಿದು ಹಿತ್ತಲಿಗೆ ಓಡಿದಳು, ಒಳಗೆ ಬಂದಳು, ಕುರ್ಚಿ ಹತ್ತಿದಳು. ಗಲ್ಲದ ಹತ್ತಿರ ಕೈ ಬಂದರೆ ಏನು ಎಂದು ಕೇಳಿದೆ. ‘ಅಲ್ಲಿಂದ ಎಷ್ಟೋ ಮಾತು ಶುರುವಾಗ್ತವೆ’ ಎಂದು ಅಳತೊಡಗಿದಳು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು.

ಆಮೇಲೆ ಎರಡು ಮೂರು ವಾರ ಎಷ್ಟು ಸಲ ಮಾಡಿದರೂ ಫೋನು ಎತ್ತಲಿಲ್ಲ. ಕೊನೆಗೆ ಎತ್ತಿದಾಗ ಬೀಗಿತಿಯ ದನಿ ಜೇನಿನಲ್ಲಿ ಅದ್ದಿ ತೆಗೆದ ಹಾಗಿತ್ತು. ‘ಜಾರಿ ಬಿದ್ಲು ನೋಡಿ, ಕೈ ಒಂಚೂರು ಉಳುಕಿದೆ. ಗಾಬರಿ ಆಗೋಂಥದ್ದೇನಿಲ್ಲ. ನಿಮ್ಮ ಕಡೆ ಚಿತ್ರವೇ ಬರಲ್ವಲ್ಲ, ಎಲೆ ಉದುರಿದ ಮೇಲೆ ಮಾತಾಡಿದ್ರಾಯ್ತು ಬಿಡಿ. ಅವಳೇನು ಓಡಿ ಹೋಗ್ತಾಳಾ?’

ಗುಂಡಿಯಕ್ಕ ಫೋನು ಕೆಳಗಿಟ್ಟು ನೆಟ್ಟಗೆ ಸೌದೆ ಮಂಡಿಗೆ ಹೋದಳು. ಮರುದಿನ ಬೆಳಿಗ್ಗೆ ಗರಗಸದವರು ಬಂದರು. ಮರ ಹಳಿಯ ಕಡೆ ಬೀಳದಂತೆ ಹಗ್ಗ ಕಟ್ಟಿ, ಹಿತ್ತಲಿಗೆ ಕೆಡವಿದರು. ಬಿದ್ದ ರಭಸಕ್ಕೆ ನನ್ನ ಮನೆಯ ಪಾತ್ರೆಗಳೆಲ್ಲ ಗಲಗಲ ಅಂದವು. ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಗೋದಾಮಿನ ಡಿಶ್ಶು ಹಿತ್ತಲಿನಿಂದಲೇ ಬೆಳ್ಳಗೆ ಕಾಣುತ್ತಿತ್ತು. ಅದನ್ನೇ ದಿಟ್ಟಿಸಿ ನೋಡಿ, ಒಳಗೆ ಬಂದು ಬೀಗಿತಿಗೆ ಫೋನು ಮಾಡಿದಳು.

‘ಈಗ ಚಿತ್ರ ಚೆನ್ನಾಗಿ ಬರುತ್ತೆ ಬೀಗಿತಿಯವರೇ. ಒಂದ್ಸಲ ಮುಖ ತೋರಿಸಿ, ಸಾಕು.’

ಬೀಗಿತಿ ಒಲ್ಲೆ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂಬುದು ಚಿತ್ರ ಬಂದಾಗ ತಿಳಿಯಿತು.

ಚಿತ್ರ ಬಂತು, ಕನ್ನಡಿಯ ಹಾಗೆ. ಅಷ್ಟು ಸ್ಪಷ್ಟವಾಗಿ ಮೊದಲ ಸಂಜೆಯೂ ಬಂದಿರಲಿಲ್ಲ. ಗುಬ್ಬಿ ಬೆಂಚಿನ ಮೇಲೆ ಕೂತಿದ್ದಳು. ಬಲಗೈ ಬೆರಳ ತುದಿಯಿಂದ ಮೊಣಕೈ ತನಕ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿತ್ತು. ಅದು ಆಸ್ಪತ್ರೆಯ ಕಟ್ಟಲ್ಲ, ನಾನು ದಿನಾ ನೋಡುವವಳು. ಮನೆಯಲ್ಲೇ ಹಲಗೆಯ ಚೂರು ಇಟ್ಟು ಸುತ್ತಿದ್ದು. ಅವಳಿಗೆ ಅಂಟಿಕೊಂಡು ಬೀಗಿತಿ ಕೂತಿದ್ದಳು. ಗುಬ್ಬಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ನೇವರಿಸುತ್ತಿದ್ದಳು.

‘ನೋಡಿ, ಮಗಳ ಹಾಗೆ ನೋಡ್ಕೋತಿದ್ದೀನಿ. ಒಲೆ ಬಾಗಿಲು ತಗುಲಿಬಿಡ್ತು, ಏನ್ಮಾಡೋದು’ ಎಂದಳು ಬೀಗಿತಿ. ನಿನ್ನೆ ಜಾರಿ ಬಿದ್ದವಳಿಗೆ ಇವತ್ತು ಒಲೆ ಬಾಗಿಲು. ನನ್ನ ಮೈಯೆಲ್ಲ ಉರಿದುಹೋಯಿತು. ಯಾರ ಬಾಯಿಗಾದರೂ ಬಟ್ಟೆ ತುರುಕಿದರೆ ಊರೆಲ್ಲ ಅಯ್ಯೋ ಅನ್ನುತ್ತದೆ. ಕೈ ಹಿಡಿದು ನೇವರಿಸಿದರೆ ಯಾರು ಏನನ್ನಬೇಕು?

ಗುಂಡಿಯಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು. ಅವಳಿಗೆ ತನ್ನ ಎರಡೂ ಕೈ ಬೇಕಿತ್ತು. ಬೀಗಿತಿಯ ಕಡೆ ನೋಡಿ ತಲೆಯಾಡಿಸುತ್ತ, ಮಗಳೊಂದಿಗೆ ಕೈಯಲ್ಲಿ ಮಾತಾಡಿದಳು, ನಿಧಾನವಾಗಿ, ಒಂದೊಂದೇ. ಅಮ್ಮ. ಬರಲಾ. ನಿನ್ನನ್ನು. ಮನೆಗೆ. ಬೀಗಿತಿ ನಗುತ್ತಲೇ ಇದ್ದಳು. ಅವಳಿಗೆ ಅದೊಂದು ಅಳುಬುರುಕಿ ತಾಯಿಯ ಕೈಯಾಟ.

ಗುಬ್ಬಿ ತನ್ನ ಎಡಗೈ ಎಳೆದುಕೊಳ್ಳಲು ನೋಡಿದಳು. ಬೀಗಿತಿಯ ಬೆರಳು ಬಿಗಿಯಾಯಿತು, ನೇವರಿಕೆ ನಿಲ್ಲಲಿಲ್ಲ. ಗುಬ್ಬಿ ಕೈ ಬಿಟ್ಟುಕೊಟ್ಟಳು. ತಾಯಿಯನ್ನೇ ನೋಡುತ್ತ, ತಲೆಯನ್ನು ಸ್ವಲ್ಪ ವಾರೆ ಮಾಡಿದಳು. ತುಟಿ ಬಿಡಿಸಿ, ಹಲ್ಲಿನಿಂದ ಇಲ್ಲದ ದಾರವೊಂದನ್ನು ಕಡಿದಳು.

‘ಪಾಪ, ನೋವಿಗೆ ಹಲ್ಲು ಕಚ್ತಾಳೆ’ ಎಂದಳು ಬೀಗಿತಿ.

‘ಹೌದು ಬೀಗಿತಿಯವರೇ, ನೋವಿರುತ್ತೆ’ ಎಂದು ಗುಂಡಿಯಕ್ಕ ಫೋನು ಮುಚ್ಚಿದಳು. ಅರ್ಧ ಗುಂಡಿ ಹಚ್ಚಿದ ಶರ್ಟಿನಲ್ಲಿ ಸೂಜಿ ಹಾಗೇ ನೇತಾಡುತ್ತಿತ್ತು. ಚೀಲ ತಗೊಂಡಳು, ಮನೆ ಬೀಗ ಹಾಕಿದಳು. ‘ನಾನೂ ಬರ್ತೀನಿ, ತಡಿ’ ಎಂದೆ. ಬಾಯಿ ಇರುವವರೊಬ್ಬರು ಜೊತೆಗಿರಬೇಕಲ್ಲ.

ಅಲ್ಲಿ ನಡೆದ ರಂಪವನ್ನು ವಿಸ್ತಾರವಾಗಿ ಹೇಳಲಾರೆ, ಈಗಲೂ ರಕ್ತ ಕುದಿಯುತ್ತದೆ. ಬೇಕರಿಯ ಮುಂದೆ ನಿಂತು ನಾನು ಬೀದಿಗೆಲ್ಲ ಕೇಳುವ ಹಾಗೆ ಬಾಯಿ ಮಾಡಿದೆ, ಬ್ರೆಡ್ಡು ಕೊಳ್ಳಲು ಬಂದವರು ಬರಿಗೈಯಲ್ಲಿ ತಿರುಗಿಹೋದರು. ಅಳಿಯ ತಲೆ ತಗ್ಗಿಸಿ ಒಲೆಯ ಪಕ್ಕ ನಿಂತಿದ್ದ. ಗುಂಡಿಯಕ್ಕ ನೆಟ್ಟಗೆ ಒಳಗೆ ಹೋಗಿ ಮಗಳ ಎಡಗೈ ಹಿಡಿದು ಕರೆತಂದಳು. ಬೀಗಿತಿ ಅಡ್ಡ ನಿಂತವಳು ಅವಳ ಮುಖ ನೋಡಿ ಪಕ್ಕಕ್ಕೆ ಸರಿದಳು.

ನಮ್ಮ ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡಿತ್ತು. ಬೆರಳಿನ ಗೆಣ್ಣುಗಳು ಜಜ್ಜಿಹೋಗಿದ್ದವು. ಮತ್ತೆ ಮುರಿದು ಕೂರಿಸಬಹುದು, ಆದರೂ ಪೂರ್ತಿ ಬರುವುದಿಲ್ಲ, ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಮತ್ತೆ ಮುರಿಯುವುದು ಅನ್ನುವುದನ್ನು ತಾಯಿ ಕೈಯಲ್ಲಿ ತಿಳಿಸಿದಾಗ ಗುಬ್ಬಿ ಹಲ್ಲಿನಿಂದ ದಾರ ಕಡಿದಳು.

ದೂರು ಕೊಟ್ಟೆವು. ಹೇಳಿಕೆ ಬರೆದುಕೊಳ್ಳಲು ಕೈಮಾತು ಬಲ್ಲವರನ್ನು ಕರೆಸಿದರು. ಅವರು ಒಳ್ಳೆಯವರೇ, ಆದರೆ ಶಾಲೆಯ ಕೈಮಾತು ಬಲ್ಲವರು. ಇವಳ ಕೈಮಾತು ಅವರಿಗೆ ತಿಳಿಯಲಿಲ್ಲ. ಗುಂಡಿಯಕ್ಕ ‘ನಾನು ಹೇಳ್ತೀನಿ, ಬರ್ಕೊಳ್ಳಿ’ ಎಂದಳು. ಅದು ತಾಯಿಯ ಮಾತಾಗುತ್ತದೆ, ಮಗಳ ಮಾತಾಗುವುದಿಲ್ಲವಂತೆ. ಫೈಲು ಎಲ್ಲೋ ಮಲಗಿದೆ.

ಪೂರ್ತಿ ಕಥೆಯನ್ನು ಗುಬ್ಬಿ ಹೇಳಿದ್ದು ಎಷ್ಟೋ ಕಾಲದ ಮೇಲೆ. ಒಂದು ಮಧ್ಯಾಹ್ನ ತಾಯಿ ಗುಂಡಿ ಹಚ್ಚುತ್ತಿದ್ದಾಗ ತಾನಾಗಿ ಎದುರು ಕೂತು ಎಡಗೈಯಲ್ಲಿ ಹೇಳಿದಳು. ಫೋನು. ಅಮ್ಮ. ಕೆನ್ನೆ ಉಬ್ಬಿಸಿದಳು. ಒಲೆಯ ಬಾಗಿಲು ದಢಾರನೆ ಮುಚ್ಚಿದ ಹಾಗೆ ಮಾಡಿದಳು. ಚಿತ್ರ ನಿಂತುಹೋದ ಆ ಸಂಜೆಯ ಕಥೆ ಅದು. ಕದ್ದ ಫೋನು ಸಿಕ್ಕಿಬಿದ್ದಾಗ, ಮಾತಾಡಿದ ಕೈಗೆ ಶಿಕ್ಷೆ. ಗಲ್ಲದ ಹತ್ತಿರ ಬಂದ ಕೈ ಏನು ಹೇಳಹೊರಟಿತ್ತು ಎಂದು ತಾಯಿ ಕೇಳಿದಳು. ‘ಬಾ’ ಅಂತ.

ಈಗ ಬಲಗೈಯ ಮೂರು ಬೆರಳು ಮಡಚುವುದಿಲ್ಲ, ಚಿಟಿಕೆ ಕೂಡುವುದಿಲ್ಲ. ಅಮ್ಮನನ್ನು ಕರೆಯುವ ಗುರುತು ಆ ಕೈಗೆ ಬಾರದು. ಎಡಗೈಯಲ್ಲಿ ಕರೆಯುತ್ತಾಳೆ, ಇನ್ನೂ ಸರಿಯಾಗಿ ಪಳಗಿಲ್ಲ. ಎರಡು ಕೈ ಬೇಕಾದ ಮಾತುಗಳನ್ನು ಇಬ್ಬರೂ ಬಿಟ್ಟುಬಿಟ್ಟಿದ್ದಾರೆ. ಗೋಡೆಯಾಚೆ ಮೊದಲೂ ಸದ್ದಿರಲಿಲ್ಲ, ಈಗಲೂ ಇಲ್ಲ. ಆದರೂ ಬೇರೆ ಅನ್ನಿಸುತ್ತದೆ.

ಡಿಶ್ಶಿನವನು ಬಂದು, ಇನ್ನು ಬೇಡವಾದರೆ ಬಿಚ್ಚಿಕೊಂಡು ಹೋಗುತ್ತೇನೆ ಎಂದ. ಗುಂಡಿಯಕ್ಕ ಬೇಡ ಅಂದಳು. ಮಗಳು ಮನೆಯಲ್ಲೇ ಇದ್ದಾಳೆ, ಆ ಕಡೆಯಿಂದ ಕರೆಯುವವರು ಯಾರೂ ಇಲ್ಲ. ಆದರೂ ಪೆಟ್ಟಿಗೆಯ ಹಸಿರು ದೀಪ ಮಿಟುಕುತ್ತಲೇ ಇದೆ. ಹಿತ್ತಲ ಬೊಡ್ಡೆ ಸತ್ತಿಲ್ಲ, ಸುತ್ತಲೂ ಕೆಂಪು ಚಿಗುರು ಬಿಡುತ್ತಿದೆ. ದಿನಾ ಬೆಳಿಗ್ಗೆ ಗುಂಡಿಯಕ್ಕ ದಾರ ಕತ್ತರಿಸುವ ಕತ್ತರಿ ಹಿಡಿದು ಹೋಗಿ, ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಚಿಗುರನ್ನು ಕತ್ತರಿಸಿ ಬರುತ್ತಾಳೆ. ಇನ್ನು ಯಾರಿಗಕ್ಕ ಅಡ್ಡ, ಬಿಡು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.